ಪೇಪರ್ ಇಲ್ಲದ ದೇಶ, ಪಾಸ್‌ಪೋರ್ಟ್ ಇಲ್ಲದ ಜನ

ಸಾಫ್ಟ್‌ವೇರ್ ಕೆಲಸದಲ್ಲಿ ಅಳಿಸೋದಕ್ಕೆ ಎರಡು ವಿಧ ಇದೆ. ಒಂದರಲ್ಲಿ ಮಾಹಿತಿ ಇದ್ದ ಜಾಗದಲ್ಲೇ ಇರುತ್ತದೆ, ಪಕ್ಕದಲ್ಲಿ ‘ಇದು ಈಗ ಚಾಲ್ತಿಯಲ್ಲಿಲ್ಲ’ ಅಂತ ಒಂದು ಗುರುತು ಹಾಕುತ್ತೇವೆ ಅಷ್ಟೇ. ನೀವು ಬ್ಯಾಂಕ್ ಖಾತೆ ಮುಚ್ಚಿದರೂ ನಿಮ್ಮ ಹಳೇ ಲೆಕ್ಕ ಬ್ಯಾಂಕಿನಲ್ಲಿ ಉಳಿಯೋದು ಹೀಗೆ. ಇನ್ನೊಂದರಲ್ಲಿ ದಾಖಲೆಯನ್ನೇ ಕಿತ್ತುಹಾಕುತ್ತೇವೆ. ಆಮೇಲೆ ಹುಡುಕಿದರೆ ಅಂಥ ಮನುಷ್ಯ ಇರಲೇ ಇಲ್ಲ ಅನ್ನುವ ಹಾಗೆ ಉತ್ತರ ಬರುತ್ತದೆ. ಈ ಎರಡನೆಯದನ್ನು ಮಾಡುವ ಮುಂಚೆ ಸೀನಿಯರ್ ಯಾರಾದರೂ ಕೇಳಿಯೇ ಕೇಳುತ್ತಾರೆ: “ಇದನ್ನ ನಂಬ್ಕೊಂಡು ಬೇರೆ ಏನೇನಿದೆ ನೋಡಿದ್ರಾ?” ಯಾಕಂದರೆ ಒಂದು ಹೆಸರು ಹೋದರೆ ಅದಕ್ಕೆ ಅಂಟಿಕೊಂಡ ವಿಳಾಸ, ಬಿಲ್ಲು, ವಿಮೆ ಎಲ್ಲ ತಬ್ಬಲಿಯಾಗುತ್ತವೆ. ನಮ್ಮ ವೃತ್ತಿಯಲ್ಲೂ ಅವನ್ನು ಅನಾಥ ದಾಖಲೆಗಳು ಅಂತಲೇ ಕರೆಯುತ್ತಾರೆ.

ಒಂದು ಸರ್ಕಾರ ತನ್ನದೇ ಪ್ರಜೆಗಳನ್ನು ಈ ಎರಡನೇ ರೀತಿಯಲ್ಲಿ ಅಳಿಸಬಹುದು ಅಂತ ನನಗೆ ತಿಳಿದದ್ದು ಕೋಸ್ಟರಿಕಾದಲ್ಲಿ. 2025ರ ಮಾರ್ಚ್‌ನಲ್ಲಿ ಆಫೀಸ್ ಕೆಲಸದ ಮೇಲೆ ಐದು ತಿಂಗಳು ಅಲ್ಲಿಗೆ ಹೋಗಿದ್ದೆ. ಹೊರಡುವ ಸುದ್ದಿ ಹೇಳಿದಾಗ ಹಾಸನದಲ್ಲಿರುವ ಅಮ್ಮ “ಅದ್ ಯಾವ್ ಕಡೆ ಬರುತ್ತೆ ಪುಟ್ಟಿ?” ಅಂತ ಕೇಳಿದ್ರು. ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಎರಡನ್ನೂ ಸೇರಿಸುವ ಸಪೂರ ಭೂಮಿ ಮ್ಯಾಪಿನಲ್ಲಿ ಕಾಣುತ್ತದಲ್ಲ, ಅಲ್ಲಿ. ಜನಸಂಖ್ಯೆ ಸುಮಾರು ಐವತ್ತು ಲಕ್ಷ. 1948ರ ಡಿಸೆಂಬರ್ 1ರಂದು ‘ನಮಗೆ ಸೈನ್ಯ ಬೇಡ’ ಅಂತ ಘೋಷಿಸಿದ ದೇಶ. ಇವತ್ತಿಗೂ ಅಲ್ಲಿ ಸೈನ್ಯ ಇಲ್ಲ. ರಾಜಧಾನಿ ಸ್ಯಾನ್ ಹೊಸೆಯ ಸುತ್ತ ಕಾಫಿ ತೋಟ, ಮೇ ಬಂದರೆ ದಿನಾ ಮಧ್ಯಾಹ್ನ ಮಳೆ. ಸಕಲೇಶಪುರದ ಕಡೆಯವರಿಗೆ ಬೇಜಾರಾಗೋದಿಲ್ಲ.

ಈ ದೇಶದ ಉತ್ತರಕ್ಕೆ ನಿಕರಾಗುವಾ. ನಮ್ಮ ತಂಡದಲ್ಲಿ ಟೆಸ್ಟಿಂಗ್ ಮಾಡುತ್ತಿದ್ದ ಒಬ್ಬರು ಅಲ್ಲಿಂದ ಬಂದವರು. ವಯಸ್ಸು ನಲವತ್ತು ದಾಟಿದೆ. ಅವರ ಹೆಸರನ್ನು ನಾನಿಲ್ಲಿ ಬರೆಯೋದಿಲ್ಲ, ಅವರ ತಾಯಿ ಇನ್ನೂ ಮನಾಗುವಾದಲ್ಲೇ ಇದ್ದಾರೆ. ನಾವು ಮಾಡಿದ ಸ್ಕ್ರೀನ್‌ಗಳಲ್ಲಿ ಒಂದು ಗೆರೆ ಓರೆಯಿದ್ದರೂ, ಅಕ್ಷರದ ನಡುವಿನ ಜಾಗ ಹೆಚ್ಚುಕಮ್ಮಿಯಾಗಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಎಲ್ಲಿ ಕಲಿತಿರಿ ಅಂತ ಕೇಳಿದೆ. “ನಾನು ಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದವನು. ರಾತ್ರಿ ಹನ್ನೊಂದಕ್ಕೆ ಪ್ರಿಂಟಿಂಗಿಗೆ ಹೋಗೋ ಪುಟದಲ್ಲಿ ತಪ್ಪಿದ್ರೆ ಬೆಳಿಗ್ಗೆ ಇಡೀ ದೇಶ ನೋಡುತ್ತೆ” ಅಂದರು.

ಅವರ ಕಥೆಗಿಂತ ಮುಂಚೆ ಒಂದು ಮನೆತನದ ಕಥೆ ಹೇಳಬೇಕು. ನಿಕರಾಗುವಾದ ಪತ್ರಿಕೆಗಳ ಕಥೆ ಬಹುಪಾಲು ಚಮೊರೊ ಅನ್ನುವ ಒಂದು ಸಂಸಾರದ ಕಥೆಯೂ ಹೌದು.

1926ರಲ್ಲಿ ಶುರುವಾದ ‘ಲಾ ಪ್ರೆನ್ಸಾ’ ಆ ದೇಶದ ಹಳೇ ದಿನಪತ್ರಿಕೆ. ಸೊಮೊಸಾ ಮನೆತನ ನಾಲ್ಕು ದಶಕಕ್ಕೂ ಹೆಚ್ಚು ಕಾಲ ದೇಶವನ್ನು ಸ್ವಂತ ಜಮೀನಿನ ಥರ ಆಳುತ್ತಿದ್ದಾಗ ಅದರ ಸಂಪಾದಕ ಪೆಡ್ರೊ ಹೊವಾಕಿನ್ ಚಮೊರೊ ಎದುರಿಗೆ ನಿಂತು ಬರೆದರು. 1978ರ ಜನವರಿ 10ರ ಬೆಳಿಗ್ಗೆ ಮನಾಗುವಾದ ರಸ್ತೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆ ಸಾವಿಗೆ ಜನ ರೊಚ್ಚಿಗೆದ್ದರು. ಮರುವರ್ಷ ಜುಲೈನಲ್ಲಿ ಸ್ಯಾಂಡಿನಿಸ್ಟಾ ಕ್ರಾಂತಿಕಾರರು ಸೊಮೊಸಾನನ್ನು ಓಡಿಸಿದರು. ಅವರ ನಾಯಕರಲ್ಲಿ ಒಬ್ಬ ಡೇನಿಯಲ್ ಒರ್ಟೆಗಾ.

ಸಂಪಾದಕರ ಹೆಂಡತಿ ವಿಯೊಲೆಟಾ ಪತ್ರಿಕೆಯನ್ನು ಮುಂದುವರಿಸಿದರು. ಹೊಸ ಸರ್ಕಾರವೂ ಪತ್ರಿಕೆಗೆ ಕತ್ತರಿ ಹಾಕತೊಡಗಿತು. ಅಂತರ್ಯುದ್ಧದ ಆ ವರ್ಷಗಳಲ್ಲಿ ಆಕೆಯ ಮಕ್ಕಳೇ ಎರಡು ಕಡೆ ಹಂಚಿಹೋದರು. ಒಬ್ಬ ಮಗ ಕಾರ್ಲೊಸ್ ಫರ್ನಾಂಡೊ ಸ್ಯಾಂಡಿನಿಸ್ಟಾಗಳ ಪತ್ರಿಕೆಗೇ ಸಂಪಾದಕನಾಗಿದ್ದ. ಅಮ್ಮನ ಪತ್ರಿಕೆ ಒಂದು ಹೇಳಿದರೆ ಮಗನ ಪತ್ರಿಕೆ ಇನ್ನೊಂದು ಹೇಳುತ್ತಿತ್ತು. 1990ರ ಫೆಬ್ರವರಿಯಲ್ಲಿ ಚುನಾವಣೆ ನಡೆದು ವಿಯೊಲೆಟಾ ಚಮೊರೊ ಒರ್ಟೆಗಾರನ್ನೇ ಸೋಲಿಸಿ ಅಧ್ಯಕ್ಷೆಯಾದರು. ಅಮೆರಿಕ ಖಂಡಗಳಲ್ಲಿ ಜನರ ಓಟಿನಿಂದ ಆ ಪದವಿಗೆ ಬಂದ ಮೊದಲ ಮಹಿಳೆ ಅವರು. ಸೋತ ಒರ್ಟೆಗಾ ಕುರ್ಚಿ ಬಿಟ್ಟುಕೊಟ್ಟರು.

ಅವರು ಚುನಾವಣೆ ಗೆದ್ದು ಮತ್ತೆ ಅಧ್ಯಕ್ಷರಾದದ್ದು 2007ರಲ್ಲಿ. ಆಮೇಲೆ ಇಳಿಯಲೇ ಇಲ್ಲ. 2017ರಲ್ಲಿ ಹೆಂಡತಿ ರೊಸಾರಿಯೊ ಮುರಿಯೊ ಉಪಾಧ್ಯಕ್ಷೆಯಾದರು. ಈಗ ಸಂವಿಧಾನ ಬದಲಾಯಿಸಿ ಗಂಡ-ಹೆಂಡತಿ ಇಬ್ಬರೂ ಸಮಸಮ ಅಧ್ಯಕ್ಷರು.

2018ರ ಏಪ್ರಿಲ್‌ನಲ್ಲಿ ಪಿಂಚಣಿ ಕಡಿತದ ವಿರುದ್ಧ ವಯಸ್ಸಾದವರು, ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರೂ ಸರ್ಕಾರದ ಕಡೆಯ ಶಸ್ತ್ರಧಾರಿಗಳೂ ಗುಂಡು ಹಾರಿಸಿದರು. ಮುಂದಿನ ತಿಂಗಳುಗಳಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 21ರ ಸಂಜೆ ಬ್ಲೂಫೀಲ್ಡ್ಸ್ ಎಂಬ ಊರಿನಲ್ಲಿ ಆಂಹೆಲ್ ಗಾವೋನಾ ಅನ್ನುವ ಪತ್ರಕರ್ತ ಮೊಬೈಲ್ ಹಿಡಿದು ಫೇಸ್‌ಬುಕ್ ಲೈವ್ ಮಾಡುತ್ತಿದ್ದಾಗಲೇ ಗುಂಡು ತಗುಲಿ ಕುಸಿದರು. ನೋಡುತ್ತಿದ್ದವರ ಫೋನಿನಲ್ಲೇ ಅದು ನಡೆದುಹೋಯಿತು.

ಪತ್ರಿಕೆಯನ್ನು ಹೇಗೆ ಮುಚ್ಚಿಸುತ್ತಾರೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಬಾಗಿಲಿಗೆ ಬೀಗ ಹಾಕುತ್ತಾರೆ ಅಂದುಕೊಂಡಿದ್ದೆ. ನನ್ನ ಸಹೋದ್ಯೋಗಿ ನಕ್ಕರು. “ಮೊದಲು ಬೀಗ ಬರಲ್ಲ. ಮೊದಲು ಕಾಗದ ಬರೋದು ನಿಲ್ಲುತ್ತೆ.” 2018ರ ಸೆಪ್ಟೆಂಬರ್‌ನಿಂದ ‘ಲಾ ಪ್ರೆನ್ಸಾ’ಕ್ಕೆ ಹೊರದೇಶದಿಂದ ಬಂದ ಕಾಗದ, ಶಾಯಿ ಎಲ್ಲ ಕಸ್ಟಮ್ಸ್‌ನಲ್ಲಿ ನಿಂತುಬಿಟ್ಟವು. ಪುಟಗಳು ಕಡಿಮೆಯಾದವು. 2019ರ ಜನವರಿಯಲ್ಲಿ ಒಂದು ದಿನ ಪತ್ರಿಕೆ ಮುಖಪುಟವನ್ನು ಹೆಚ್ಚುಕಮ್ಮಿ ಖಾಲಿ ಬಿಟ್ಟು, ಸುದ್ದಿಯೇ ಇಲ್ಲದ ಬದುಕು ಹೇಗಿರುತ್ತದೆ ಊಹಿಸಿದ್ದೀರಾ ಅಂತ ಓದುಗರನ್ನು ಕೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಂದು ದೊಡ್ಡ ದಿನಪತ್ರಿಕೆ ‘ಎಲ್ ನುವೆವೊ ಡಿಯಾರಿಯೊ’ ನಿಂತೇಹೋಯಿತು. ‘ಲಾ ಪ್ರೆನ್ಸಾ’ದ ಕಾಗದ ಕೈಗೆ ಸಿಕ್ಕಿದ್ದು ಸುಮಾರು ಒಂದೂವರೆ ವರ್ಷದ ಮೇಲೆ, 2020ರ ಫೆಬ್ರವರಿಯಲ್ಲಿ. 2021ರಲ್ಲಿ ಮತ್ತೆ ತಡೆದರು. ಆಗಸ್ಟ್‌ನಲ್ಲಿ ‘ಕಾಗದ ಮುಗಿದಿದೆ, ಅಚ್ಚು ನಿಲ್ಲಿಸುತ್ತಿದ್ದೇವೆ’ ಅಂತ ಪತ್ರಿಕೆ ಹೇಳಿದ ಮರುದಿನವೇ ಪೊಲೀಸರು ಒಳಗೆ ನುಗ್ಗಿದರು. ಬೀಗ ಬಂದದ್ದು ಕೊನೆಗೆ. ಅಲ್ಲಿಗೆ ದೇಶದಲ್ಲಿ ಅಚ್ಚಾಗುವ ಸ್ವತಂತ್ರ ದಿನಪತ್ರಿಕೆ ಒಂದೂ ಉಳಿಯಲಿಲ್ಲ.

ಇದನ್ನು ಕೇಳುವಾಗ ನನಗೆ ತಾತ ಹೇಳುತ್ತಿದ್ದದ್ದು ನೆನಪಾಯಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ದೆಹಲಿಯ ಪತ್ರಿಕಾ ಕಚೇರಿಗಳಿಗೆ ಕರೆಂಟ್ ತೆಗೆದಿದ್ದರು. ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ಒಂದು ಕಡೆ ಕರೆಂಟು, ಇನ್ನೊಂದು ಕಡೆ ಕಾಗದ. ನಮ್ಮ ದೇಶದ ತುರ್ತು ಪರಿಸ್ಥಿತಿ 21 ತಿಂಗಳಿಗೆ ಮುಗಿಯಿತು. ತಾತ ಅದನ್ನು ಊಟ ಆದಮೇಲೆ ಜಗುಲಿಯಲ್ಲಿ ಕೂತು ಹಳೇ ಕಥೆ ಥರ ಹೇಳಬಹುದಿತ್ತು. ನನ್ನ ಸಹೋದ್ಯೋಗಿಗೆ ಅದು ಇನ್ನೂ ಹಳೇ ಕಥೆಯಾಗಿಲ್ಲ.

ಈಗ ಆ ಮಗ ಕಾರ್ಲೊಸ್ ಫರ್ನಾಂಡೊ ಚಮೊರೊ ಕಡೆ ಬರೋಣ. ಸ್ಯಾಂಡಿನಿಸ್ಟಾಗಳಿಂದ ದೂರವಾಗಿ ಅವರು ‘ಕಾನ್ಫಿಡೆನ್ಸಿಯಲ್’ ಅನ್ನುವ ತಮ್ಮದೇ ಪತ್ರಿಕೆ ಶುರುಮಾಡಿದ್ದರು. 2018ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಪೊಲೀಸರು ಆಫೀಸಿಗೆ ನುಗ್ಗಿ ಕಂಪ್ಯೂಟರ್‌ಗಳನ್ನು ಹೊತ್ತೊಯ್ದರು. ಮುಂದಿನ ತಿಂಗಳು ಅವರು ಕೋಸ್ಟರಿಕಾಕ್ಕೆ ಬಂದು ಆಶ್ರಯ ಕೇಳಿದರು. ವರ್ಷದ ಕೊನೆಗೆ ಧೈರ್ಯ ಮಾಡಿ ವಾಪಸ್ ಹೋದರು. 2021ರ ಚುನಾವಣೆ ಹತ್ತಿರ ಬಂತು. ಒರ್ಟೆಗಾ ವಿರುದ್ಧ ನಿಲ್ಲಬಹುದಾಗಿದ್ದ ಏಳು ಜನರನ್ನು ಸರ್ಕಾರ ಬಂಧಿಸಿತು. ಅವರಲ್ಲಿ ಕಾರ್ಲೊಸ್ ಅವರ ಅಕ್ಕ ಕ್ರಿಸ್ಟಿಯಾನಾ ಒಬ್ಬರು. ಅಣ್ಣನನ್ನೂ ಜೈಲಿಗೆ ಹಾಕಿದರು. ಕಾರ್ಲೊಸ್ ಆ ಜೂನ್‌ನಲ್ಲಿ ಎರಡನೇ ಸಲ ಗಡಿ ದಾಟಿದರು. ತೊಂಬತ್ತು ದಾಟಿದ್ದ ತಾಯಿ ಮನಾಗುವಾದ ಮನೆಯಲ್ಲಿ ಕಾಯಿಲೆಯಿಂದ ಮಲಗಿದ್ದರು.

2023ರ ಫೆಬ್ರವರಿ 9ರಂದು 222 ರಾಜಕೀಯ ಕೈದಿಗಳನ್ನು ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳಿಸಿದರು. ಕಾರ್ಲೊಸ್ ಅವರ ಅಕ್ಕ, ಅಣ್ಣ ಇಬ್ಬರೂ ಅದರಲ್ಲಿದ್ದರು. ಹತ್ತುವಾಗ ಕೈಗೆ ಪಾಸ್‌ಪೋರ್ಟ್ ಕೊಟ್ಟಿದ್ದರು. ಅದೇ ದಿನ ಅವರೆಲ್ಲರ ಪೌರತ್ವ ಹೋಯಿತು. ಆರು ದಿನ ಬಿಟ್ಟು ಇನ್ನೂ 94 ಜನರ ಪೌರತ್ವ ತೆಗೆದುಹಾಕಿದರು. ಕಾರ್ಲೊಸ್ ಹೆಸರು ಈ ಪಟ್ಟಿಯಲ್ಲಿತ್ತು. ಸ್ಪ್ಯಾನಿಷ್ ಸಾಹಿತ್ಯದ ದೊಡ್ಡ ಗೌರವವಾದ ಸೆರ್ವಾಂಟಿಸ್ ಪ್ರಶಸ್ತಿ ಪಡೆದ ಸೆರ್ಹಿಯೊ ರಮಿರೆಸ್ ಹೆಸರೂ ಇತ್ತು. ಒಂದು ಕಾಲಕ್ಕೆ ಒರ್ಟೆಗಾರ ಉಪಾಧ್ಯಕ್ಷರಾಗಿದ್ದವರು ಅವರು. ಕವಯಿತ್ರಿ ಜಿಯೊಕೊಂಡಾ ಬೆಲ್ಲಿ ಹೆಸರೂ ಇತ್ತು.

ನಾನು ಮೊದಲು ಹೇಳಿದ ಎರಡನೇ ವಿಧದ ಅಳಿಸುವಿಕೆ ಇದೇ. ಇಂಥವರ ಜನನ ದಾಖಲೆಗಳನ್ನೇ ಸರ್ಕಾರಿ ಪುಸ್ತಕದಿಂದ ತೆಗೆದಿರುವುದನ್ನು ವಿಶ್ವಸಂಸ್ಥೆಯ ತಜ್ಞರ ತಂಡ ದಾಖಲಿಸಿದೆ. ಅದನ್ನು ನಂಬಿಕೊಂಡಿದ್ದ ಬೇರೆಲ್ಲವೂ ಒಂದೊಂದಾಗಿ ಬಿತ್ತು. ಮನೆ ಮುಟ್ಟುಗೋಲಾಯಿತು. ಜೀವಮಾನವಿಡೀ ದುಡಿದವರ ಪಿಂಚಣಿ ನಿಂತಿತು. ಜನನ ದಾಖಲೆ ಇಲ್ಲದಿದ್ದರೆ ಮಗಳ ದಾಖಲೆಯಲ್ಲಿ ಅಪ್ಪ ಯಾರು? ಮದುವೆ ಪ್ರಮಾಣಪತ್ರದಲ್ಲಿರುವ ಗಂಡ ಯಾರು? ಸ್ಪೇನ್ ದೇಶ ಇವರಿಗೆ ತನ್ನ ಪೌರತ್ವ ಕೊಡುತ್ತೇನೆ ಅಂತ ಮುಂದೆ ಬಂತು, ಅದು ದೊಡ್ಡ ಮಾತು. ಆದರೆ ಅರವತ್ತೈದು ವರ್ಷ ಒಂದು ಊರಿನವನಾಗಿದ್ದವನಿಗೆ ಹೊಸ ಪಾಸ್‌ಪೋರ್ಟ್ ಕೊಡಬಹುದು, ಆ ಊರನ್ನು ಕೊಡೋದಕ್ಕೆ ಆಗುವುದಿಲ್ಲ.

ನನ್ನ ಸಹೋದ್ಯೋಗಿ ಆ ಪಟ್ಟಿಯಲ್ಲಿಲ್ಲ. ಅವರು ದೊಡ್ಡ ಹೆಸರಿನವರಲ್ಲ, ಲೇಖನ ಬರೆದವರೂ ಅಲ್ಲ, ಬರೀ ಪುಟ ಕಟ್ಟಿದವರು. 2021ರಲ್ಲಿ ಜೊತೆಗಿದ್ದವರನ್ನು ಒಬ್ಬೊಬ್ಬರನ್ನಾಗಿ ವಿಚಾರಣೆಗೆ ಕರೆಯತೊಡಗಿದಾಗ ಒಂದು ಬ್ಯಾಗ್ ಹಿಡಿದು ಹೊರಟರು. ಚೆಕ್‌ಪೋಸ್ಟ್ ಇಲ್ಲದ ಕಡೆ ಗಡಿ ದಾಟುವ ಜಾಗಕ್ಕೆ ಅಲ್ಲಿನವರು ‘ಕುರುಡು ಜಾಗ’ ಅನ್ನುತ್ತಾರೆ. ರಾತ್ರಿ ಅಂಥ ಒಂದು ಕಡೆ ಕೆಸರಿನಲ್ಲಿ ನಡೆದು ಬಂದರು. ಆಶ್ರಯಕ್ಕೆ ಅರ್ಜಿ ಹಾಕಿ ನಾಲ್ಕು ವರ್ಷ ಆಗುತ್ತಾ ಬಂದಿತ್ತು, ತೀರ್ಮಾನ ಬಂದಿರಲಿಲ್ಲ. 2018ರಿಂದ ನಿಕರಾಗುವಾದ ಎರಡು ಲಕ್ಷಕ್ಕೂ ಹೆಚ್ಚು ಜನ ಈ ಸಣ್ಣ ದೇಶದಲ್ಲಿ ಆಶ್ರಯ ಕೇಳಿದ್ದಾರೆ, ಸರದಿ ಉದ್ದ. ಅರ್ಜಿದಾರ ಅಂತ ಒಂದು ಕಾರ್ಡ್ ಇದೆ, ಅದನ್ನು ಆಗಾಗ ನವೀಕರಿಸಿಕೊಳ್ಳಬೇಕು. ಊರಿನ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ಹೊಸದು ಕೇಳೋದಕ್ಕೆ ಯಾರ ಹತ್ತಿರ ಹೋಗಬೇಕು? ಯಾರಿಂದ ಓಡಿ ಬಂದರೋ ಅವರ ಹತ್ತಿರವೇ.

ನಮ್ಮಿಬ್ಬರದೂ ಒಂದೇ ಆಫೀಸು, ಅಕ್ಕಪಕ್ಕದ ಕುರ್ಚಿ. ನನ್ನ ಡ್ರಾಯರ್‌ನಲ್ಲಿ ಆಗಸ್ಟ್ ತಿಂಗಳ ರಿಟರ್ನ್ ಟಿಕೆಟ್ ಪ್ರಿಂಟ್ ಇತ್ತು. ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಎರಡು ದಿನದಲ್ಲಿ ಹಾಸನದಲ್ಲಿರಬಹುದಿತ್ತು. ಅವರ ಊರು ಬಸ್ಸಿನಲ್ಲಿ ಒಂದೇ ದಿನದ ದಾರಿ. ಅವರು ಮಾತ್ರ ಹೋಗೋ ಹಾಗಿಲ್ಲ. ವೀಸಾ ಮೇಲೆ ಹೋದವಳಿಗೂ ಆಶ್ರಯ ಕೇಳಿ ಬಂದವರಿಗೂ ಇರುವ ವ್ಯತ್ಯಾಸ ಇಷ್ಟೇ. ಇಷ್ಟೇ ಅಂದರೂ ಅದರಲ್ಲಿ ಎಲ್ಲವೂ ಬಂತು.

ಆಶ್ರಯ ಅಂದ ಕೂಡಲೆ ನಮ್ಮಲ್ಲಿ ಕೆಲವರಿಗೆ ‘ಫಾರಿನ್‌ನಲ್ಲಿ ಸೆಟ್ಲ್ ಆಗೋಕೆ ಒಂದು ದಾರಿ’ ಅನ್ನುವ ಭಾವನೆ ಇದೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋಗಿ ನೋಡಿದವರು ಹಾಗೆ ಹೇಳಲಾರರು. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದ ಟಿಬೆಟನ್ನರ ಮೊಮ್ಮಕ್ಕಳು ಇವತ್ತು ಸಲೀಸಾಗಿ ಕನ್ನಡ ಮಾತಾಡುತ್ತಾರೆ. ಮನೆಯ ಹಿರಿಯರು ಮಾತ್ರ ಒಂದು ದಿನ ವಾಪಸ್ ಹೋಗುತ್ತೇವೆ ಅಂತಲೇ ಬದುಕಿದರು. 1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಘೋಷಣೆಯಲ್ಲಿ 14ನೇ ವಿಧಿ ಕಿರುಕುಳದಿಂದ ತಪ್ಪಿಸಿಕೊಳ್ಳಲು ಬೇರೆ ದೇಶದಲ್ಲಿ ಆಶ್ರಯ ಕೇಳುವ ಹಕ್ಕಿನದು. 15ನೆಯದು ಪ್ರತಿಯೊಬ್ಬರಿಗೂ ಒಂದು ದೇಶದ ಪೌರತ್ವ ಇರಬೇಕು ಅನ್ನುವುದು. ನಾಲ್ಕು ವಿಧಿ ದಾಟಿದರೆ 19ನೆಯದು, ಮಾಹಿತಿ ಹುಡುಕುವ, ಪಡೆಯುವ, ಹಂಚುವ ಸ್ವಾತಂತ್ರ್ಯ. ನಿಕರಾಗುವಾದಲ್ಲಿ 19 ಬಿದ್ದಿತು, ಅದರ ಹಿಂದೆಯೇ 15. ಉಳಿದದ್ದು 14 ಒಂದೇ.

ಆಶ್ರಯ ಜೀವ ಉಳಿಸುತ್ತದೆ. ಪತ್ರಿಕೆಯನ್ನೂ ಒಂದು ಮಟ್ಟಿಗೆ ಉಳಿಸುತ್ತದೆ. ‘ಕಾನ್ಫಿಡೆನ್ಸಿಯಲ್’ ಈಗ ನಡೆಯುವುದು ದೇಶದ ಹೊರಗಿನಿಂದ. ಟಿವಿಯಲ್ಲಿ ಬರುತ್ತಿದ್ದ ಅವರ ವಾರದ ಕಾರ್ಯಕ್ರಮ ಈಗ ಯೂಟ್ಯೂಬ್‌ನಲ್ಲಿ ಬರುತ್ತದೆ. ‘ಲಾ ಪ್ರೆನ್ಸಾ’ದವರೂ 2022ರಲ್ಲಿ ದೇಶ ಬಿಟ್ಟು ಹೊರಗಿನಿಂದ ವೆಬ್‌ಸೈಟ್ ನಡೆಸುತ್ತಿದ್ದಾರೆ. ಅವರಿಗೆ 2025ರಲ್ಲಿ ಯುನೆಸ್ಕೊ ತನ್ನ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿ ಕೊಟ್ಟಿತು. ಅದಕ್ಕೆ ನಿಕರಾಗುವಾ ಸರ್ಕಾರ ಯುನೆಸ್ಕೊದಿಂದಲೇ ಹೊರಗೆ ಹೋಗುವುದಾಗಿ ಘೋಷಿಸಿತು. ಆದರೆ ದೇಶದ ಒಳಗಿನಿಂದ ಸುದ್ದಿ ಕೊಡುವವರ ಹೆಸರು ಹಾಕುವ ಹಾಗಿಲ್ಲ. ಕಾರಣ ನಮ್ಮ ಸಹೋದ್ಯೋಗಿಯ ಮನೆಯಲ್ಲೇ ಇದೆ. ವಾರಕ್ಕೊಮ್ಮೆ ತಾಯಿಗೆ ಫೋನ್ ಮಾಡಿದಾಗ ಅವರು ದೇಶದ ವಿಷಯ ಎತ್ತುವುದೇ ಇಲ್ಲ. ತಾಯಿ ‘ಈ ವಾರ ಇಲ್ಲಿ ಜೋರು ಮಳೆ’ ಅಂದರೆ, ಬೀದಿಯಲ್ಲಿ ಪೊಲೀಸರ ಓಡಾಟ ಜಾಸ್ತಿ ಇದೆ ಅಂತ ಮಗ ಅರ್ಥ ಮಾಡಿಕೊಳ್ಳಬೇಕು.

2025ರ ಜೂನ್ 14ರಂದು ವಿಯೊಲೆಟಾ ಚಮೊರೊ ತೀರಿಕೊಂಡರು. 95 ವರ್ಷ. ತೀರಿಕೊಂಡದ್ದು ಮನಾಗುವಾದಲ್ಲಲ್ಲ, ಸ್ಯಾನ್ ಹೊಸೆಯಲ್ಲಿ. ಮಕ್ಕಳು ಯಾರೂ ಊರಿಗೆ ಹೋಗುವ ಹಾಗಿರಲಿಲ್ಲವಾದ್ದರಿಂದ 2023ರಲ್ಲಿ ತಾಯಿಯನ್ನೇ ಕರೆತಂದಿದ್ದರು. ನಿಕರಾಗುವಾ ಮತ್ತೆ ಗಣರಾಜ್ಯ ಆಗುವವರೆಗೆ ಅವರ ದೇಹ ಕೋಸ್ಟರಿಕಾದಲ್ಲೇ ತಾತ್ಕಾಲಿಕವಾಗಿ ಇರುತ್ತದೆ ಅಂತ ಮನೆಯವರು ಹೇಳಿದರು. ಆ ದೇಶದ ಅಧ್ಯಕ್ಷೆಯಾಗಿದ್ದವರಿಗೆ ಅಲ್ಲಿ ಮಣ್ಣಾಗುವುದಕ್ಕೂ ಆಗಲಿಲ್ಲ.

ಅದಾಗಿ ಐದು ದಿನಕ್ಕೆ, ಜೂನ್ 19ರ ಬೆಳಿಗ್ಗೆ, ಸ್ಯಾನ್ ಹೊಸೆಯಲ್ಲಿ ಆಶ್ರಯ ಪಡೆದಿದ್ದ ನಿಕರಾಗುವಾದ ನಿವೃತ್ತ ಸೇನಾಧಿಕಾರಿ ರೊಬರ್ಟೊ ಸಮ್ಕಾಮ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಒರ್ಟೆಗಾ ಸರ್ಕಾರವನ್ನು ಬಿಡದೆ ಟೀಕಿಸುತ್ತಿದ್ದವರು ಅವರು. ಆವತ್ತಿನಿಂದ ನನ್ನ ಸಹೋದ್ಯೋಗಿ ದಿನಾ ಬರುತ್ತಿದ್ದ ಬಸ್ ಬಿಟ್ಟು ಬೇರೆ ಬೇರೆ ಹೊತ್ತಿಗೆ ಬರತೊಡಗಿದರು. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಅದೇ ಗಾಲ್ಯೊ ಪಿಂಟೊ, ಅಂದರೆ ಅನ್ನ ಮತ್ತು ಬೀನ್ಸ್ ಕಾಳು ಹುರಿದು ಕಲಸಿದ್ದು. ಕೋಸ್ಟರಿಕಾದವರು ಕಪ್ಪು ಕಾಳು ಹಾಕುತ್ತಾರೆ, ಇವರದು ಯಾವಾಗಲೂ ಕೆಂಪು ಕಾಳು. “ಇದೊಂದನ್ನ ಬದಲಾಯಿಸ್ಕೊಳಲ್ಲ” ಅನ್ನುತ್ತಿದ್ದರು.

ಆಗಸ್ಟ್‌ನಲ್ಲಿ ನಾನು ಹೊರಡುವ ವಾರ ಅವರು ಒಂದು ಪ್ರಶ್ನೆ ಕೇಳಿದರು. “ನಿಮ್ಮಮ್ಮ ಪೇಪರ್ ಬಂದ ಕೂಡಲೆ ಮೊದಲು ಯಾವ ಪುಟ ತೆಗೀತಾರೆ?”

“ನಿಧನವಾರ್ತೆ” ಅಂದೆ. ಕಾಫಿ ಲೋಟ ಹಿಡಿದು, ಕನ್ನಡಕ ಏರಿಸಿ, ಗೊತ್ತಿದ್ದವರು ಯಾರಾದರೂ ಹೋದರಾ ಅಂತ ನೋಡಿಯೇ ಅಮ್ಮ ಮುಂದಿನ ಪುಟ ತಿರುಗಿಸೋದು.

ಅವರು ಜೋರಾಗಿ ನಕ್ಕರು. ಅವರ ಅಮ್ಮನೂ ಹಾಗೇ ಅಂತೆ. ಆ ಪುಟವನ್ನು ಎಷ್ಟೋ ವರ್ಷ ರಾತ್ರಿ ಕೂತು ಕಟ್ಟುತ್ತಿದ್ದದ್ದು ಇವರೇ. ಹೆಸರಿನ ಅಕ್ಷರ ತಪ್ಪಿದರೆ ಬೆಳಿಗ್ಗೆ ಮನೆಯಲ್ಲಿ ಅಮ್ಮನಿಂದ ಬೈಸಿಕೊಳ್ಳಬೇಕಿತ್ತು.

“ಈಗ ಅಮ್ಮನಿಗೆ ಹೇಗೆ ಗೊತ್ತಾಗುತ್ತೆ?” ಅಂತ ಕೇಳಿದೆ.

“ಗೊತ್ತಾಗಲ್ಲ” ಅಂದರು. “ಪಕ್ಕದ ಬೀದಿಯವರು ತೀರ್ಕೊಂಡಿದ್ದು ಮೂರು ವಾರ ಆದ್ಮೇಲೆ ನಾನು ಇಲ್ಲಿಂದ ಫೋನ್ ಮಾಡಿ ಹೇಳ್ದೆ.”